ಮದುವೆಗೆ ಹೋದ ಕಟಾರ

ಪಾನನಿರೋಧದ ಅಧಿಕಾರಿಗಳಾಗಿದ್ದು, ಕೂತ ಕುರ್ಚಿಯಿಂದ ಏಳದೆಯೇ ಅಬಕಾರಿ ಅಧಿಕಾರಿಗಳಾದ ಮಾನ್ಯರೇ,

ನಮ್ಮ ಕಟಾರವನ್ನು ನಮಗೆ ಕೊಟ್ಟುಬಿಡಿ. ನಾನು ಹೇಳಬೇಕಾದದ್ದು ಇಷ್ಟೇ. ಇದನ್ನು ಪುತ್ತೂರಿಗೆ ಬಂದು ತಮ್ಮ ಕಚೇರಿಯ ಜಗಲಿಯಲ್ಲಿ ನಿಂತು ಹೇಳಿದೆ, ಕಿಟಕಿಯ ಸರಳು ಹಿಡಿದು ಹೇಳಿದೆ, ಅರ್ಜಿಯಲ್ಲಿ ಬರೆದೂ ಹೇಳಿದೆ. ಯಾವುದೂ ತಮ್ಮ ತನಕ ಮುಟ್ಟಿದ ಹಾಗೆ ಕಾಣುವುದಿಲ್ಲ. ಆದ್ದರಿಂದ ಈಗ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ತಮಗೆ ಓದಲು ಪುರುಸೊತ್ತಿಲ್ಲದಿದ್ದರೂ ತಾವು ಚಹಾ ಕುಡಿಯುವ ಹೋಟೆಲಿನಲ್ಲಿ ಯಾರಾದರೂ ಗಟ್ಟಿಯಾಗಿ ಓದುತ್ತಾರೆ ಎಂಬ ಭರವಸೆ ನನಗಿದೆ.

ತಾವು ಘಟ್ಟದ ಮೇಲಿನಿಂದ ಬಂದವರು, ನಮ್ಮ ಕಡೆಯ ಪಾತ್ರೆಪಗಡಿಯ ಪರಿಚಯ ಇಲ್ಲದಿರಬಹುದು. ಕಟಾರವೆಂದರೆ ಮದುವೆ ಮುಂಜಿಗಳಲ್ಲಿ ಅನ್ನ ಬೇಯಿಸುವ ದೊಡ್ಡ ತಾಮ್ರದ ಪಾತ್ರೆ. ಉಳಿದ ದಿನಗಳಲ್ಲಿ ಅದರಲ್ಲಿ ಕುಚ್ಚಲಕ್ಕಿಗೆ ಭತ್ತ ಬೇಯಿಸುತ್ತಾರೆ. ತಮ್ಮ ದಾಖಲೆಯಲ್ಲಿ ಅದನ್ನು 'ಮದ್ಯ ತಯಾರಿಕೆಯ ಉಪಕರಣ' ಎಂದು ಬರೆದಿದ್ದೀರಂತೆ. ಹಾಗೆ ನೋಡಿದರೆ ಅದು ಮದ್ಯ ತಯಾರಿಕೆಯ ಉಪಕರಣವಾಗಿದ್ದದ್ದು ಒಂದೇ ಒಂದು ಸಲ. ಅದಕ್ಕೆ ಮೊದಲು ಮೂವತ್ತು ವರ್ಷ ಅದು ಊರಿನ ಹಸಿವು ನೀಗುವ ಉಪಕರಣವಾಗಿತ್ತು.

ಆ ಒಂದು ಸಲದ ಕಥೆಯನ್ನು ನಾನೇ ಹೇಳುತ್ತೇನೆ. ತಮ್ಮ ಮಹಜರಿನಲ್ಲಿ ಇರುವುದಕ್ಕಿಂತ ಇದು ಸತ್ಯಕ್ಕೆ ಸ್ವಲ್ಪ ಹತ್ತಿರ.

ನಾನು ಕಡಬ ಪೇಟೆಯಲ್ಲಿ ಗೋಲಿ ಸೋಡಾ ಮಾಡುವವನು. ಚಕ್ರ ತಿರುಗಿಸಿ ತಿರುಗಿಸಿ ನೀರಿಗೆ ಗ್ಯಾಸು ತುಂಬುವುದು ನನ್ನ ಕಸುಬು. ತೋಳು ನೋಡಿದರೆ ಗೊತ್ತಾಗುತ್ತದೆ. ಹಿಂದೆ ನನ್ನಲ್ಲಿ ಬಾಟ್ಲಿ ತೊಳೆಯುತ್ತಿದ್ದ ಪ್ರೇಮನಾಥ ಈಗ ಹಡಗಿನ ಅಡುಗೆ ಕೋಣೆಯಲ್ಲಿದ್ದಾನೆ. ಅರುವತ್ತಾರನೇ ಇಸವಿಯಲ್ಲಿ ರಜೆಗೆ ಬಂದವನು ನನಗೊಂದು ರಟ್ಟಿನ ಪೆಟ್ಟಿಗೆ ತಂದುಕೊಟ್ಟ. ಒಳಗೆ ಒಂದು ಡಬ್ಬಿ, ಒಂದು ಸಣ್ಣ ಪೊಟ್ಟಣ, ಇಂಗ್ಲಿಷಿನಲ್ಲಿ ಒಂದು ಕಾಗದ. ಡಬ್ಬಿಯ ಮೇಲೆ 'ಮಾಲ್ಟ್' ಎಂದಿತ್ತು. ನಮ್ಮ ಮಕ್ಕಳಿಗೆ ಪುಷ್ಟಿಗೆ ಕೊಡುವುದೂ ಮಾಲ್ಟೇ ಅಲ್ಲವೇ? ಸುಂಕದ ಕಟ್ಟೆಯವರು ಬಾಣಂತಿಗೆ ಎಂದುಕೊಂಡು ಬಿಟ್ಟರಂತೆ.

"ಎಂತದಾ ಇದು?" ಎಂದು ಕೇಳಿದೆ.

"ಬೀರು. ಮನೆಯಲ್ಲೇ ಮಾಡುದು. ಅಲ್ಲಿ ಲಂಡನ್ನಿನಲ್ಲಿ ಬಡವರೆಲ್ಲ ಇದನ್ನೇ ತೆಗೊಳ್ಳುದು, ಭಾರೀ ಅಗ್ಗ" ಎಂದ ಪ್ರೇಮನಾಥ. "ನಿಮಗೆ ಯಾಕೆ ತಂದೆ ಗೊತ್ತುಂಟಾ? ಇದರಲ್ಲಿ ಗ್ಯಾಸು ತನ್ನಷ್ಟಕ್ಕೇ ಬರ್ತದೆ. ಚಕ್ರ ಬೇಡ, ಎಂತದೂ ಬೇಡ."

ಮಾನ್ಯರೇ, ಇಪ್ಪತ್ತು ವರ್ಷ ಚಕ್ರ ತಿರುಗಿಸಿದವನ ಎದುರು ಹೀಗೆ ಹೇಳಬಹುದೇ? ನನಗೆ ಬೇಕಾಗಿದ್ದದ್ದು ಅಮಲಲ್ಲ, ಗ್ಯಾಸು. ಚಕ್ರವಿಲ್ಲದೆ ಅದು ಹೇಗೆ ಬರುತ್ತದೆ ಎಂದು ಒಮ್ಮೆ ಕಣ್ಣಾರೆ ನೋಡಬೇಕು ಎಂಬ ಚಪಲ ಹಿಡಿಯಿತು. ಪಾನನಿರೋಧದ ಕಾನೂನು ನನಗೆ ತಿಳಿದಿರಲಿಲ್ಲ ಎಂದು ಸುಳ್ಳು ಹೇಳಲಾರೆ. ಆದರೆ ಆ ಕಾನೂನು ತಿಳಿದವರು ನಮ್ಮೂರಲ್ಲಿ ಹೇಗೆ ನಡೆದುಕೊಳ್ಳುತ್ತಿದ್ದರು ಎಂಬುದೂ ನನಗೆ ತಿಳಿದಿತ್ತು. ಗೇರುಹಣ್ಣಿನ ಕಾಲದಲ್ಲಿ ಗುಡ್ಡೆಗುಡ್ಡೆಗಳಿಂದ ಭಟ್ಟಿಯ ಪರಿಮಳ ಇಳಿದು ಬರುತ್ತಿತ್ತು. ದಾರಿಯಲ್ಲಿ ಹೋಗುವ ಎಮ್ಮೆ ಕೂಡ ಒಂದು ಗಳಿಗೆ ನಿಂತು ಮೂಸಿ ಮುಂದೆ ಹೋಗುತ್ತಿತ್ತು. ತಮ್ಮ ಇಲಾಖೆಗೆ ಮಾತ್ರ ಪ್ರತಿವರ್ಷ ಸರಿಯಾಗಿ ಅದೇ ಸಮಯಕ್ಕೆ ನೆಗಡಿ.

ಪ್ರೇಮನಾಥ ಕಾಗದ ಓದಿ ಅರ್ಥ ಹೇಳಿದ. ಡಬ್ಬಿಯ ಪಾಕವನ್ನು ಬಿಸಿನೀರಿನಲ್ಲಿ ಕದಡಿ, ಸಕ್ಕರೆ ಹಾಕಿ, ತಣ್ಣೀರು ಬೆರೆಸಿ, ಪೊಟ್ಟಣದ ಪುಡಿ ಉದುರಿಸಿ ಮುಚ್ಚಿಡಬೇಕು. ನೊರೆ ಉಕ್ಕಿ ಬರುತ್ತದೆ, ಆದ್ದರಿಂದ ಪಾತ್ರೆ ದೊಡ್ಡದಿರಬೇಕು. ನಮ್ಮಲ್ಲಿ ದೊಡ್ಡ ಪಾತ್ರೆ ಎಂದರೆ ಕಟಾರ ಒಂದೇ. ಹೆಂಡತಿ ಕಮಲಾವತಿ ಅದಕ್ಕೆ ಆಗಷ್ಟೇ ಕಲಾಯಿ ಹಾಕಿಸಿದ್ದಳು. "ಅಮ್ಮ ಕೊಟ್ಟ ಪಾತ್ರೆ, ನೋಡಿ ಮಾಡಿ" ಎಂದಳು. ಕಷಾಯದ ಹಾಗೆ ಕಹಿ ವಾಸನೆ ಬಂದಾಗ ಅವಳಿಗೆ ಸಮಾಧಾನವಾಯಿತು. ಕಹಿಯಾದದ್ದನ್ನು ಯಾರೂ ಸುಖಕ್ಕಾಗಿ ಕುಡಿಯುವುದಿಲ್ಲ ಎಂಬುದು ಅವಳ ನಂಬಿಕೆ.

ಎಲ್ಲ ಸರಿ, ಕೊನೆಯ ಸಾಲಿಗೆ ಬಂದಾಗ ಪ್ರೇಮನಾಥ ತಲೆ ತುರಿಸಿಕೊಂಡ. ಬೀರಿನಲ್ಲಿ ಬೇರೆ ಬೇರೆ ಜಾತಿ ಉಂಟಂತೆ. ಇದು ಲಾಗರ್ ಎಂಬ ಜಾತಿ. ಬಲು ಮಡಿ. ಶುರುವಿನಿಂದ ಕೊನೆಯವರೆಗೂ ತಂಪಿನಲ್ಲೇ ಇರಬೇಕು, ಬಾವಿಯ ನೀರಿಗಿಂತಲೂ ತಂಪಿನಲ್ಲಿ. ಬೀರು ಮಾಡಲು ಪುಷ್ಯ ಮಾಸವನ್ನೇ ಆರಿಸಿಕೊಂಡಿದ್ದೆ ನಿಜ. ಆದರೆ ಕಡಬದ ಪುಷ್ಯ ಲಂಡನ್ನಿನ ಪುಷ್ಯ ಅಲ್ಲವಲ್ಲ!

ನಮ್ಮ ಪೇಟೆಯಲ್ಲಿ ಐಸು ಇದ್ದದ್ದು ಒಂದೇ ಕಡೆ, ಮೀನಿನ ರವೂಫನ ಪೆಟ್ಟಿಗೆಯಲ್ಲಿ. ಮಂಗಳೂರಿನಿಂದ ಬೂತಾಯಿ ಮೀನಿನ ಜೊತೆ ಬರುವ ಐಸು. ಮೀನು ಖರ್ಚಾದ ಮೇಲೆ ಅದನ್ನು ಚರಂಡಿಗೆ ಚೆಲ್ಲುತ್ತಿದ್ದ. ಕೇಳಿದ ಕೂಡಲೇ ಬುಟ್ಟಿ ತುಂಬಿಸಿಕೊಟ್ಟ. ಏನಾದರೂ ತೆಗೆದುಕೋ ಎಂದರೆ ಸಿಟ್ಟೇ ಬಂತು ಅವನಿಗೆ. "ನನ್ನ ತಂಗಿಯ ಮದುವೆಯ ತುಪ್ಪದನ್ನ ಬೆಂದ ಪಾತ್ರೆ ಅದು. ಅದಕ್ಕೆ ಐಸು ಕೊಟ್ಟು ಹಣ ತೆಗೊಳ್ಳುದಾ? ಎಂತ ಮಾತಾಡ್ತೀರಿ ಮಾರಾಯ್ರೆ!" ಎಂದ.

ಸೋಡಾ ಕೋಣೆಯ ಹಿಂದೆ ಹೊಂಡ ತೋಡಿ, ಉಮಿ ಹಾಸಿ, ಕಟಾರವನ್ನು ಕೂರಿಸಿ, ಸುತ್ತ ರವೂಫನ ಐಸು ತುಂಬಿ ಗೋಣಿ ಮುಚ್ಚಿದೆವು. ದಿನವೂ ಹೊಸ ಐಸು. ನೊರೆ ಬಂತು. ಕಿವಿಯಿಟ್ಟರೆ ಒಳಗಿಂದ ಸಣ್ಣಗೆ ಚಿಟಿಚಿಟಿ ಸದ್ದು. ಆ ಸದ್ದು ಕೇಳಿ ನನಗಾದ ಸಂತೋಷವನ್ನು ಹೇಗೆ ಹೇಳಲಿ? ಯಾರೂ ಚಕ್ರ ತಿರುಗಿಸದೆ ಗ್ಯಾಸು ಬರುತ್ತಿತ್ತು, ಮಾನ್ಯರೇ. ನಾನು ನನ್ನ ಚಕ್ರದ ಕಡೆ ನೋಡಿ ನಕ್ಕೆ.

ಆದರೆ ಬೂತಾಯಿಯ ವಾಸನೆ ಬೀರಿನ ವಾಸನೆಯನ್ನು ನುಂಗಿಹಾಕಿತು. ಮೊದಲು ಪಕ್ಕದ ಮನೆಯ ಬೆಕ್ಕು ಬಂತು. ಆಮೇಲೆ ಪೇಟೆಯ ಬೆಕ್ಕುಗಳು. ಕೊನೆಗೆ ಕಡಬದಲ್ಲಿ ಇಷ್ಟು ಬೆಕ್ಕುಗಳಿವೆಯೇ ಎಂದು ನಾವೇ ಬೆರಗಾಗುವಷ್ಟು ಬೆಕ್ಕುಗಳು ಆ ಗೋಣಿಯ ಸುತ್ತ ಸಂತರ್ಪಣೆಗೆ ಕೂತ ಹಾಗೆ ಸಾಲಾಗಿ ಕೂತವು. ತಮ್ಮ ಜೀಪು ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯಲ್ಲಿ ಸೋಡಾ ಕುಡಿಯಲು ನಮ್ಮಲ್ಲಿ ನಿಂತದ್ದು ಆ ದಿನವೇ. "ಇಲ್ಲಿ ಬೆಕ್ಕು ಸಾಕ್ತೀರಾ?" ಎಂದು ತಾವೇ ಕೇಳಿದಿರಿ. ಗೋಣಿ ಸರಿಸಿದಿರಿ. ಬೆರಳು ಅದ್ದಿ ನೆಕ್ಕಿದಿರಿ. ಹಾಗಾಗಿ ಆ ಪತ್ತೇದಾರಿಕೆಗೆ ಇಲಾಖೆ ಕೊಟ್ಟ ಶಹಬ್ಬಾಸ್‌ಗಿರಿಯಲ್ಲಿ ಅರ್ಧವಾದರೂ ಕಡಬದ ಬೆಕ್ಕುಗಳಿಗೆ ಸಲ್ಲಬೇಕು. ಗುಡ್ಡ ಅಗೆದು ಇಲಿ ಹಿಡಿದರು ಎನ್ನುತ್ತಾರೆ. ತಾವು ಗುಡ್ಡವನ್ನೂ ಅಗೆಯಲಿಲ್ಲ, ಬೆಕ್ಕಿನ ಹಿಂದೆಯೇ ಬಂದಿರಿ.

ಕಟಾರ, ಅದರಲ್ಲಿದ್ದ ಬೀರಿನ ಸಮೇತ, ಜೀಪು ಹತ್ತಿತು. ನನ್ನನ್ನು ಪೇದೆಯ ಜೊತೆ ಬಸ್ಸಿನಲ್ಲಿ ಕಳಿಸಿದಿರಿ. ಪುತ್ತೂರಿನಲ್ಲಿ ಜೀಪಿನಿಂದ ಇಳಿದದ್ದು ಬರೀ ಕಟಾರ. 'ರಸ್ತೆಯ ಕುಲುಕಾಟದಿಂದ ದ್ರವವು ಚೆಲ್ಲಿಹೋಗಿರುತ್ತದೆ' ಎಂದು ಬರೆದಿದ್ದೀರಿ. ನಮ್ಮ ರಸ್ತೆಯನ್ನು ಬಲ್ಲವನಾದ್ದರಿಂದ ನಂಬಲೇಬೇಕು. ಆದರೆ ಪೆರಾಬೆಯ ಹತ್ತಿರ ಜೀಪು ಮರದ ನೆರಳಿನಲ್ಲಿ ಬಹಳ ಹೊತ್ತು ನಿಂತಿತ್ತೆಂದೂ, ಕುಲುಕದೆ ನಿಂತ ಜೀಪಿನಿಂದಲೂ ದ್ರವ ಕಡಮೆಯಾಗುತ್ತಲೇ ಇತ್ತೆಂದೂ, ಜೀಪಿನೊಳಗೆ ಯಾರೋ ಪದ್ಯ ಹೇಳುತ್ತಿದ್ದರೆಂದೂ ಅಲ್ಲಿಯ ಜನ ಆಡಿಕೊಳ್ಳುತ್ತಾರೆ. ಜನರ ಬಾಯಿಗೆ ಬೀಗ ಉಂಟೇ? ನನಗೆ ಅದರ ಬಗ್ಗೆ ತಕರಾರಿಲ್ಲ. ಒಂದೇ ಕುತೂಹಲ. ಗ್ಯಾಸು ಸರಿಯಾಗಿ ಬಂದಿತ್ತೇ? ಮಾಡಿದವನಿಗೆ ಒಂದು ತೊಟ್ಟೂ ಸಿಗಲಿಲ್ಲ, ಮಾನ್ಯರೇ.

ದ್ರವವೇ ಇಲ್ಲದ ಮೇಲೆ ಮೊಕದ್ದಮೆ ನಿಲ್ಲಲಿಲ್ಲ. ಕಳೆದ ವರ್ಷ ಸರಕಾರ ಪಾನನಿರೋಧವನ್ನೇ ಎತ್ತಿಹಾಕಿತು. ತಮ್ಮ ಬೋರ್ಡಿನ ಅಕ್ಷರ ಅಳಿಸಿ ಹೊಸ ಅಕ್ಷರ ಬರೆದರು. ನನ್ನನ್ನು ಹಿಡಿದುಕೊಂಡು ಹೋಗಿ ನಿಲ್ಲಿಸಿದ ಅದೇ ಅಂಗಳದಲ್ಲಿ ಸಾರಾಯಿ ಅಂಗಡಿಗಳನ್ನು ಹರಾಜು ಹಾಕಿದಿರಿ. ಆ ದಿನ ನಾನೂ ಬಂದಿದ್ದೆ. ಜಗಲಿಯಲ್ಲಿ ನಮ್ಮ ಕಟಾರ ಇತ್ತು. ಹಿಂದಿನ ಮಳೆಗಾಲದಲ್ಲಿ ಅದು ಮಾಡಿನ ಸೋರುವ ನೀರು ಹಿಡಿಯುತ್ತಿದ್ದುದನ್ನು ನೋಡಿದ್ದೆ. ಈಗ ಬಡ್ತಿ ಸಿಕ್ಕಿತ್ತು. ಹರಾಜಿಗೆ ಬಂದ ಕಂಟ್ರಾಕ್ಟರುಗಳು ತಮ್ಮ ಕೊಡೆಗಳನ್ನು ಅದರೊಳಗೆ ಇಟ್ಟಿದ್ದರು.

ಕಿಟಕಿಯ ಹಿಂದಿದ್ದ ಗುಮಾಸ್ತರೊಡನೆ ಆದ ಮಾತನ್ನು ಇದ್ದಂತೆಯೇ ಬರೆಯುತ್ತೇನೆ.

"ಕಟಾರ ಬಿಟ್ಟುಕೊಡಿ ಸ್ವಾಮಿ. ಕೇಸು ಮುಗಿದಿದೆಯಲ್ಲ?"

"ಕೇಸು ಇಲ್ಲ. ಕೇಸು ಇಲ್ಲದ ಮೇಲೆ ಮುಟ್ಟುಗೋಲಿನ ಮಾಲು ಅಂತ ಇಲ್ಲ. ಇಲ್ಲದ ಮಾಲನ್ನು ಬಿಟ್ಟುಕೊಡುದು ಹೇಗೆ?"

"ಹಾಗಾದ್ರೆ ಅಲ್ಲಿ ಇರುದು ಎಂತ?"

ಅವರು ಕತ್ತು ಚಾಚಿ ನೋಡಿದರು. "ಅದಾ? ಅದು ಕೊಡೆ ಇಡುವ ಪಾತ್ರೆ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ನಮ್ಮ ಹಿರಿಯರಿಗೆ ಹೇಗೆ ಹೊಳೆಯಿತು ಎಂದು ಆಶ್ಚರ್ಯಪಡುತ್ತಿದ್ದೆ. ಆ ದಿನ ಗೊತ್ತಾಯಿತು. ಕುಡಿಯುವವನಿಗೆ ಬಿಡುಗಡೆ, ಮಾರುವವನಿಗೆ ಪರವಾನಗಿ, ಪಾತ್ರೆಗೆ ಮಾತ್ರ ಜೀವಾವಧಿ! ಇದು ಯಾವ ನ್ಯಾಯ?

ಇಷ್ಟನ್ನು ನಗುತ್ತಲೇ ಬರೆದೆ. ಇನ್ನು ಹೇಳುವುದನ್ನು ನಗುತ್ತಾ ಹೇಳಲಾರೆ.

ಆ ಕಟಾರವನ್ನು ಕೊಟ್ಟವರು ನನ್ನ ಅತ್ತೆ, ಸುಳ್ಯದ ದುಗ್ಗಮ್ಮ. ಅವರ ಮನೆಯಲ್ಲಿದ್ದದ್ದು ಅದೊಂದೇ. ಹೆಣ್ಣುಮಕ್ಕಳಲ್ಲಿ ಹೊಳೆ ದಾಟಿ ದೂರ ಹೋಗುವವಳು ಇವಳು ಎಂದು ಕಮಲಾವತಿಗೆ ಕೊಟ್ಟರು. ಕುಮಾರಧಾರೆಯ ಕಡವಿನಲ್ಲಿ ದೋಣಿಯವನು, ಒಂದೋ ಮದುಮಗಳು ಒಂದೋ ಕಟಾರ, ಎರಡೂ ಒಟ್ಟಿಗೆ ಆಗುವುದಿಲ್ಲ ಎಂದ. ಇವಳು ಕಟಾರವನ್ನು ಬಿಟ್ಟು ಹತ್ತಲಿಲ್ಲ. ಕೊನೆಗೆ ನಾನು ಆಚೆ ದಡದಲ್ಲೇ ಉಳಿದು ಮುಂದಿನ ದೋಣಿಗೆ ಕಾದೆ. ಬರುವ ಮೇ ತಿಂಗಳಲ್ಲಿ ನಮ್ಮ ಮಗಳು ಕುಮುದಿನಿಯ ಮದುವೆ. ಮದುವೆಯ ಅಕ್ಕಿಯಲ್ಲಿ ಮೊದಲ ಹಿಡಿಯನ್ನು ಆ ಕಟಾರಕ್ಕೆ ತಾನೇ ಹಾಕಬೇಕು ಎಂದು ದುಗ್ಗಮ್ಮ ಆ ಹುಡುಗಿ ತೊಟ್ಟಿಲಲ್ಲಿದ್ದಾಗಲೇ ಹೇಳಿದ್ದರು. ಈಗ ಅವರಿಗೆ ಕಣ್ಣು ಅಷ್ಟಕ್ಕಷ್ಟೇ. ಬೇರೆ ಪಾತ್ರೆ ತಂದಿಟ್ಟು ದಾಟಿಸಬಹುದು ಎಂದು ನಾನು ಮೆಲ್ಲಗೆ ಹೇಳಿದೆ. "ಅಮ್ಮ ಬೆರಳಲ್ಲಿ ತಟ್ಟಿ ನೋಡ್ತಾರೆ. ಅದರ ಸ್ವರ ಅವರಿಗೆ ಗೊತ್ತುಂಟು" ಎಂದು ಕಮಲಾವತಿ ಮುಖ ತಿರುಗಿಸಿದಳು. ಕಟಾರ ಇರುತ್ತಿದ್ದ ಮೂಲೆಯಲ್ಲಿ ಅವಳು ಇವತ್ತಿನವರೆಗೆ ಬೇರೇನನ್ನೂ ಇಟ್ಟಿಲ್ಲ. ಅದನ್ನು ನೋಡುವಾಗ ನನಗೆ ತುಂಬ ಸಂಕಟವಾಗುತ್ತದೆ.

ಅತ್ತೆಗೆ ನಾವು ನಿಜ ಹೇಳಿರಲಿಲ್ಲ. ಸುಳ್ಯದಿಂದ ಯಾರು ಬಂದರೂ ಅವರ ಕೈಯಲ್ಲಿ ಒಂದೇ ಪ್ರಶ್ನೆ ಕಳಿಸುತ್ತಿದ್ದರು, ಕಟಾರ ಹೇಗುಂಟು ಎಂದು. ಮದುವೆಗೆ ಹೋಗಿದೆ ಎನ್ನುತ್ತಿದ್ದೆವು. ಒಮ್ಮೆ ನೆಲ್ಯಾಡಿಯ ಮದುವೆ, ಒಮ್ಮೆ ಸುಬ್ರಹ್ಮಣ್ಯದ ಮದುವೆ, ಒಮ್ಮೆ ಪೆರಾಬೆಯದ್ದು. ಎರಡು ಮಳೆಗಾಲದಲ್ಲಿ ಆ ಕಟಾರ ಹೋಗದ ಮದುವೆ ಇಲ್ಲ. ನಡು ಆಷಾಢದಲ್ಲೂ ಒಂದು ಮದುವೆಗೆ ಕಳಿಸಿಬಿಟ್ಟೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆಷಾಢದಲ್ಲಿ ಯಾರು ಮದುವೆ ಮಾಡುತ್ತಾರೆ?

ಮೊನ್ನೆ ಸುಳ್ಯದ ಬಸ್ಸು ಬಂದು ನಿಂತಾಗ ಕಂಡಕ್ಟರ್ ಇಳಿದು ನೇರ ನನ್ನ ಅಂಗಡಿಗೆ ಬಂದ. ಸೋಡಾ ಕೂಡ ಕೇಳಲಿಲ್ಲ. ಪೇಟೆಯ ನಾಲ್ಕು ಜನರ ಎದುರೇ ಹೇಳಿದ:

"ದುಗ್ಗಮ್ಮ ಕೇಳ್ಲಿಕ್ಕೆ ಹೇಳಿದ್ದಾರೆ. ಸರಕಾರದ ಮನೆಯ ಮದುವೆ ಮುಗಿಯಿತಾ ಅಂತ."

ಬೆಕ್ಕಿನ ವಿಷಯದಿಂದ ಹಿಡಿದು ಕೊಡೆಯ ವಿಷಯದವರೆಗೆ ಎಲ್ಲವೂ ಆಯಾ ವಾರದ ಬಸ್ಸಿನಲ್ಲೇ ಸುಳ್ಯ ಸೇರಿತ್ತಂತೆ. ಮಗಳು ನೊಂದುಕೊಂಡಾಳೆಂದು ಆ ಮುದುಕಿ ಇಷ್ಟು ಕಾಲ ನಮ್ಮ ಸುಳ್ಳಿಗೆ ಹೂಂಗುಟ್ಟುತ್ತಾ ಇದ್ದರು. ಕಂಡಕ್ಟರ್ ಸೀಟಿ ಊದಿ ಬಸ್ಸು ಹತ್ತಿದವನು ಬಾಗಿಲಿನಿಂದಲೇ ತಿರುಗಿ ಮತ್ತೆ ಕೂಗಿದ: "ಇನ್ನೊಂದು ಮಾತು ಉಂಟು! ಕೊಂಡುಹೋದ ಪಾತ್ರೆಯನ್ನು ಬರಿದು ಕಳಿಸುವ ಕ್ರಮ ನಮ್ಮಲ್ಲಿ ಇಲ್ಲ ಅಂತ ಅವರಿಗೆ ಹೇಳ್ಬೇಕಂತೆ!"

ಹೇಳಿದ್ದೇನೆ, ಮಾನ್ಯರೇ. ನಮ್ಮೂರಲ್ಲಿ ಬಡವನೂ ಇದನ್ನು ತಪ್ಪಿಸುವುದಿಲ್ಲ. ರವೂಫನ ಮನೆಯಿಂದ ಆ ಕಟಾರ ವಾಪಸು ಬಂದಾಗ ತಳದಲ್ಲಿ ಒಂದು ಕಟ್ಟು ವೀಳ್ಯದೆಲೆ, ಒಂದು ಅಚ್ಚು ಬೆಲ್ಲ ಇತ್ತು. ತಾವು ತೆಗೆದುಕೊಂಡು ಹೋದಾಗ ಅದು ತುಂಬಿತ್ತು. ಆ ಲೆಕ್ಕದಲ್ಲಿ ತುಂಬಿಸಿಯೇ ಕೊಡಿ ಎಂದು ಕೇಳುವ ಹಕ್ಕು ನನಗಿದೆ, ಕೇಳುವುದಿಲ್ಲ. ಕೊಡೆಗಳನ್ನು ತೆಗೆಯಿರಿ. ಒಂದು ಹಿಡಿ ಅಕ್ಕಿ ಹಾಕಿ. ಅದೇ ಜೀಪಿನಲ್ಲಿ, ಅದೇ ರಸ್ತೆಯಲ್ಲಿ, ಮೇ ತಿಂಗಳಿಗೆ ಮೊದಲು ಕಳಿಸಿ. ಅಕ್ಕಿ ಎಷ್ಟು ಕುಲುಕಿದರೂ ಚೆಲ್ಲುವುದಿಲ್ಲ. ಮದುವೆಗೆ ತಾವೂ ಬನ್ನಿ. ದುಗ್ಗಮ್ಮ ಕಟಾರವನ್ನು ತಟ್ಟುವಾಗ ಪಕ್ಕದಲ್ಲಿ ನಿಂತು ಆ ಸ್ವರ ಕೇಳಿ. ಆಮೇಲೆ ಅದು ಯಾವುದರ ಉಪಕರಣ ಎಂದು ತಾವೇ ಬರೆದುಕೊಳ್ಳಿ.

ಇಂತಿ,
ಊರಿಗೆಲ್ಲ ಸೋಡಾ ಕುಡಿಸಿ, ತಾನು ಮಾಡಿದ ಬೀರಿನ ರುಚಿಯನ್ನು ಅಧಿಕಾರಿಗಳ ಬಾಯಿಂದಲೇ ಕೇಳಿ ತಿಳಿಯಬೇಕಾಗಿರುವ
ಮಾಯಿಲಪ್ಪ
ಕಡಬ ಪೇಟೆ, ೧೯೬೮