ನೆಲಮಹಡಿಯ ಕೋಣೆ

ಅಂಗಡಿಯಿಂದ,
ಹನ್ನೊಂದನೇ ತಾರೀಕು, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

'ಪ್ರೀತಿಯ' ಎಂದು ಕೈ ತಾನಾಗಿಯೇ ಬರೆದುಬಿಟ್ಟಿತು. ಹೊಡೆದುಹಾಕೋಣವೆಂದುಕೊಂಡೆ, ಕಾಗದ ಗಲೀಜಾಗುತ್ತದೆ ಎಂದು ಬಿಟ್ಟಿದ್ದೇನೆ. ಅದಕ್ಕಿಂತ ಹೆಚ್ಚಿನ ಅರ್ಥ ಹಚ್ಚಬೇಡ. ನಿನ್ನ ಸೊಂಟನೋವು ಹೇಗಿದೆ? ಆಫೀಸಿನವರು ಹೊಸ ಕುರ್ಚಿ ಕೊಟ್ಟರೇ? ಭಾವನ ಸಕ್ಕರೆ ಹತೋಟಿಯಲ್ಲಿದೆಯೇ? ಇಷ್ಟನ್ನು ಕೇಳದೆ ಕಾಗದ ಶುರುಮಾಡುವುದನ್ನು ಅಮ್ಮ ನಮಗೆ ಕಲಿಸಲಿಲ್ಲ, ಅದಕ್ಕೆ ಕೇಳಿದ್ದೇನೆ. ನಾವು ಇಲ್ಲಿ ಚೆನ್ನಾಗಿಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅವತ್ತು ನಾನು ನಾಲ್ಕು ಮಾತಾಡುವಷ್ಟರಲ್ಲಿ "ಮೀಟಿಂಗಿದೆ ಕಣೆ, ಆಮೇಲೆ ಮಾಡ್ತೀನಿ" ಎಂದು ಇಟ್ಟೆಯಲ್ಲ, ಆ ಆಮೇಲೆ ಹನ್ನೆರಡು ದಿನವಾದರೂ ಬಂದಿಲ್ಲ. ಕಾಗದವನ್ನು ಹಾಗೆ ನಡುವೆ ಕತ್ತರಿಸಲು ಬರುವುದಿಲ್ಲ. ಹರಿದುಹಾಕಬಹುದು. ಆದರೆ ನಿನ್ನನ್ನು ನಾನು ಬಲ್ಲೆ, ಕೊನೆಯ ಸಾಲಿನವರೆಗೆ ಓದದೆ ಹರಿಯುವವಳಲ್ಲ ನೀನು.

ಮೊದಲು ಅಪ್ಪನ ವಿಷಯ. ಮೂವತ್ತೊಂದು ವರ್ಷ ಬಸ್ಸಿನ ಕ್ಲಚ್ಚು ತುಳಿದ ಎಡ ಮಂಡಿ ಈಗ ಮಡಚುವುದೇ ಇಲ್ಲ. ನಮ್ಮ ಬಾಡಿಗೆ ಮನೆ ಮೂರನೇ ಮಹಡಿ, ಐವತ್ತೆರಡು ಮೆಟ್ಟಿಲು, ಲಿಫ್ಟಿನ ಮಾತೇ ಇಲ್ಲ. ಒಂಬತ್ತು ತಿಂಗಳು ಅಪ್ಪ ನೆಲ ತುಳಿಯಲಿಲ್ಲ ಅಕ್ಕಾ. ನಡುವೆ ಒಂದೇ ಒಂದು ಸಲ ಕೆಳಗಿಳಿದದ್ದು ಆಸ್ಪತ್ರೆಗೆ, ಅದೂ ಇವರೂ ಎದುರುಮನೆಯ ಬಡಗಿಯೂ ಸೇರಿ ಕುರ್ಚಿ ಸಮೇತ ಹೊತ್ತುಕೊಂಡು. ಎರಡನೇ ಮಹಡಿಯ ತಿರುವಿನಲ್ಲಿ "ಸ್ವಲ್ಪ ರಿವರ್ಸ್ ತಗೊಳ್ಳಿ, ಮೂಲೆ ತಾಗತ್ತೆ" ಎಂದು ಅಪ್ಪನೇ ದಾರಿ ಹೇಳಿ ನಗಿಸಿದರು. ಕೆಳಗೆ ಬಂದಮೇಲೆ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡರು. ಉಳಿದ ದಿನವೆಲ್ಲ ಕಿಟಕಿಯೇ ಗತಿ. ಅಲ್ಲಿ ಕೂತು, ಕೆಳಗೆ ಹೋಗುವ ಡ್ರೈವರುಗಳಿಗೆಲ್ಲ ಎರಡನೇ ಗೇರಿಗೆ ಹಾಕು, ಬ್ರೇಕಿನ ಮೇಲಿಂದ ಕಾಲು ತೆಗಿ ಎಂದು ಬೈಯುತ್ತಿದ್ದರು. ಇದೆಲ್ಲ ನಿನಗೆ ಗೊತ್ತು. ಮೂರು ತಿಂಗಳ ಹಿಂದೆ ಕಟ್ಟಡದ ಮಾಲೀಕರು ಕಟ್ಟಡವನ್ನೇ ಮಾರಿ, ಈ ತಿಂಗಳ ಕೊನೆಯೊಳಗೆ ಎಲ್ಲರೂ ಜಾಗ ಖಾಲಿ ಮಾಡಬೇಕೆಂದು ಚೀಟಿ ಅಂಟಿಸಿದ್ದೂ ಗೊತ್ತು. ಗೊತ್ತಿದ್ದೂ ಮಾಡಿದೆಯಲ್ಲ, ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ.

ಕೊಳ್ಳಲು ಮನೆ ಹುಡುಕುವುದೆಂದರೆ ಏನೆಂದು ನಿನ್ನಂಥವರಿಗೆ ತಿಳಿಯದು. ನೀನು ಬ್ರೋಕರನ್ನು ಹುಡುಕುವುದಿಲ್ಲ, ಬ್ರೋಕರೇ ನಿನ್ನನ್ನು ಹುಡುಕಿಕೊಂಡು ಬರುತ್ತಾನೆ. ನಾವಿಬ್ಬರೂ ಅಂಗಡಿ ಮುಚ್ಚಿ ಹದಿನೇಳು ಮನೆ ನೋಡಿದೆವು. ಒಂದೊಂದು ಮನೆಯ ಮುಂದೆಯೂ ನಲವತ್ತು ಜನರ ಸಾಲು, ಒಳಗಿರಲು ಹತ್ತು ನಿಮಿಷ. ಸಾಲಿನಲ್ಲಿ ನಿಂತವರೆಲ್ಲ ಒಬ್ಬರಿಗೊಬ್ಬರು ಹಲ್ಲು ಕಿರಿಯುವುದು, ಒಳಗೊಳಗೇ ನಿನಗೆ ಮಾತ್ರ ಸಿಗದಿರಲಿ ಎನ್ನುವುದು. ನಾನೂ ಹಾಗೇ ಅಂದೆ, ಸುಳ್ಳೇಕೆ ಹೇಳಲಿ. ಒಂದು ಜೋಡಿ ನಮಗೆ ಮೂರು ಕಡೆ ಸಿಕ್ಕಿತು, ಮೂರು ಸಲವೂ ಸೊಂಟದ ಮೇಲೆ ಬೇರೆ ಬೇರೆ ಮಗು. ಮಗು ಕಂಡರೆ ಮಾರುವವರ ಮನಸ್ಸು ಕರಗುತ್ತದಂತೆ. ನಮ್ಮ ಬ್ರೋಕರನಿಗೆ ಇವರು 'ಇವತ್ತೇಕೊನೆ' ಎಂದು ಹೆಸರಿಟ್ಟಿದ್ದರು. ಅವನು ಯಾವ ಮನೆ ತೋರಿಸಿದರೂ "ಇವತ್ತೇ ಕೊನೆ ಸಾರ್, ನಾಳೆ ಕೇಳ್ಬೇಡಿ" ಎನ್ನುತ್ತಿದ್ದ. ಅವನು ತೋರಿಸಿದ ಒಂದು ಮನೆಯಲ್ಲಿ ಕಕ್ಕಸು ಮೆಟ್ಟಿಲ ಕೆಳಗೆ, ಬಗ್ಗಿಯೇ ಹೋಗಬೇಕು, ಬಗ್ಗಿಯೇ ಬರಬೇಕು. ಅದಕ್ಕೂ ಮೂವತ್ತು ಜನ.

ಇವರದು ಬೇರೆಯೇ ಕಾಟ. ಉಳಿದವರು ಗೋಡೆ, ಕಿಟಕಿ, ನಲ್ಲಿ ನೋಡುತ್ತಿದ್ದರೆ ಇವರು ಮಂಡಿಯೂರಿ ಬೀಗದ ತೂತಿಗೆ ಕಣ್ಣಿಡುತ್ತಿದ್ದರು. ಇಪ್ಪತ್ತು ವರ್ಷ ಬೀಗ ರಿಪೇರಿ ಮಾಡಿದವರಿಗೆ ಮನೆಯೆಂದರೆ ಬಾಗಿಲು ಅಷ್ಟೇ. ಒಂದು ಕಡೆ ನನಗೆ ಎಲ್ಲ ಒಪ್ಪಿಗೆಯಾಗಿತ್ತು. ಇವರು ಒಳಕೋಣೆಯ ಬಾಗಿಲನ್ನು ತಡವಿ ನೋಡಿ, ತುಂಬಿದ ಮನೆಯಲ್ಲಿ ಗಟ್ಟಿಯಾಗಿ, "ಇದಕ್ಕೆ ಚಿಲಕ ಹೊರಗಡೆ ಮಾತ್ರ ಯಾಕಿದೆ? ಯಾರನ್ನ ಕೂಡಿಹಾಕ್ತಿದ್ರಿ?" ಎಂದು ಕೇಳಿಬಿಟ್ಟರು. ಮಾರುವವರ ಮುಖ ಕಪ್ಪಿಟ್ಟಿತು. ದಾರಿಯುದ್ದಕ್ಕೂ ನಾನು ಇವರ ಜೊತೆ ಜಗಳವಾಡಿದೆ. ಆದರೆ ಇವರು ಹೇಳಿದ್ದು ಸರಿಯೇ ಇತ್ತು, ಅಂಥ ಮನೆಯಲ್ಲಿ ನಿದ್ದೆ ಹತ್ತುವುದಿಲ್ಲ.

ಹದಿನೇಳನೆಯದು ಆ ಮನೆ. ಒಡತಿ ನರ್ಸಾಗಿ ನಿವೃತ್ತಿಯಾದವರು, ಮಕ್ಕಳ ಊರಿಗೆ ಹೊರಟಿದ್ದರು. ಅರಮನೆಯೇನಲ್ಲ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಹೊರಗೆ. ಮೇಲೆ ಒಂದು ಕೋಣೆ, ಕೆಳಗೆ ಒಂದು. ಆ ಕೆಳಗಿನ ಕೋಣೆ ನೋಡಿದೊಡನೆ ನಾವಿಬ್ಬರೂ ಅಪ್ಪನ ಮಂಚ ಎಲ್ಲಿಡುವುದೆಂದು ಅಳೆಯತೊಡಗಿದೆವು. ರಸ್ತೆಯ ಕಡೆ ದೊಡ್ಡ ಕಿಟಕಿ, ಪಕ್ಕದಲ್ಲೇ ಬಚ್ಚಲು, ಕೋಣೆಯಿಂದ ರಸ್ತೆಯವರೆಗೆ ಒಂದು ಹೊಸ್ತಿಲೂ ಅಡ್ಡ ಇಲ್ಲ. ಕಾಯಿಲೆಯ ಗಂಡನ ಗಾಲಿಕುರ್ಚಿಗಾಗಿ ಆಯಮ್ಮ ಎಲ್ಲ ತೆಗೆಸಿದ್ದರಂತೆ. ಇವರು ಹಿತ್ತಲ ಬಾಗಿಲಿನ ಸಿಕ್ಕಿಕೊಂಡಿದ್ದ ಅಗುಳಿಯನ್ನು ಕೇಳದೆಯೇ ಸರಿಮಾಡಿ ಎಣ್ಣೆ ಬಿಟ್ಟರು. ಆಯಮ್ಮನಿಗೆ ನಾವು ಹಿಡಿಸಿದೆವು. ಆದರೆ ಮಕ್ಕಳ ಹಟ ಬೇರೆ: ಆಸೆಯಿರುವವರು ತಮ್ಮ ಬೆಲೆ ಬರೆದು ಲಕೋಟೆ ಮುಚ್ಚಿ ಕೊಡಬೇಕು, ಎಲ್ಲವನ್ನೂ ಶುಕ್ರವಾರ ಒಟ್ಟಿಗೆ ಒಡೆಯುವುದು, ಹೆಚ್ಚು ಬರೆದವರಿಗೆ ಮನೆ.

ಇಲ್ಲಿ ನಾನು ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿಹಾಕಿಕೊಂಡೆ. ಬೇರೆ ಯಾವ ಹೆಂಗಸಾದರೂ ತಾನು ಬರೆದ ಅಂಕಿಯನ್ನು ಉಸಿರಿಗೂ ತಿಳಿಸುತ್ತಿರಲಿಲ್ಲ. ನಾನೋ, ಒಂದನೇ ಕ್ಲಾಸಿನಿಂದ ಲೆಕ್ಕವನ್ನು ನಿನಗೆ ತೋರಿಸದೆ ಉತ್ತರ ಬರೆದವಳಲ್ಲ. ನನ್ನ ಮದುವೆಯ ಖರ್ಚಿನ ಪಟ್ಟಿಯನ್ನೂ ಅಂಗಡಿಯ ಸಾಲದ ಅರ್ಜಿಯನ್ನೂ ತಿದ್ದಿದವಳು ನೀನೇ. ಬ್ಯಾಂಕಿನವರು ಕೊಡುವುದೆಷ್ಟು, ನಮ್ಮ ಕೈಲಿರುವುದೆಷ್ಟು ಎಂದು ಕೂಡಿಸಿ ಚೀಟಿಯ ಮೇಲೆ ಬರೆದು, ಮನೆಯ ವಿಳಾಸ, ಕೋಣೆಯ ಚಿತ್ರ ಎಲ್ಲ ಸೇರಿಸಿ ಫೋಟೋ ತೆಗೆದು ನಿನಗೆ ಕಳಿಸಿದೆ. ಸರಿಯಾಗಿದೆಯಾ ನೋಡಕ್ಕಾ ಎಂದೆ. ಹತ್ತೇ ನಿಮಿಷದಲ್ಲಿ ಉತ್ತರ: "ಹುಚ್ಚಾ ನಿನಗೆ? ಆ ಬೀದಿಗೆ ಅಷ್ಟೆಲ್ಲ ಬಾಳಲ್ಲ. ಕಮ್ಮಿ ಮಾಡು, ಆಮೇಲೆ ಕಂತು ಕಟ್ಟಕ್ಕಾಗದೆ ಅಳ್ತೀಯ." ಇವರು ಬೇಡವೆಂದರು. ಅಕ್ಕನಿಗೆ ಗೊತ್ತಿಲ್ಲದ ಲೆಕ್ಕ ನಿಮಗೆ ಗೊತ್ತಾ ಎಂದು ನಾನೇ ಇವರ ಬಾಯಿ ಮುಚ್ಚಿಸಿದೆ. ಚೀಟಿ ಹರಿದು ಕಡಿಮೆ ಬರೆದು ಕೊಟ್ಟೆವು.

ಶುಕ್ರವಾರ ಸಂಜೆ ಇವತ್ತೇಕೊನೆ ಫೋನು ಮಾಡಿ ಹೋಯಿತು ಅಂದ. ಎಷ್ಟಕ್ಕೆ ಎಂದು ಕೇಳಿದೆ. ಅವನು ಹೇಳಿದ್ದು ನಾವು ಮೊದಲು ಬರೆದಿದ್ದ ಅಂಕಿಯೇ, ಅದರ ಮೇಲೆ ಒಂದಿಷ್ಟು ಚಿಲ್ಲರೆ. ನೋಡಿದಿರಾ, ನಮ್ಮ ಹಣೆಬರಹ ಎಂಥದು, ಮೊದಲ ಚೀಟಿಗೆ ಇನ್ನೊಂದು ಸ್ವಲ್ಪ ಸೇರಿಸಿ ಕೊಟ್ಟಿದ್ದರೆ ಆಗುತ್ತಿತ್ತು ಎಂದು ಇವರ ಎದುರು ಅತ್ತೆ. ಆಗಲೂ ನಿನ್ನ ಮೇಲೆ ಅನುಮಾನ ಬರಲಿಲ್ಲ. ಅವತ್ತು ನಿನಗೆ ಫೋನು ಮಾಡಿ ಮನೆ ಕೈತಪ್ಪಿತು ಎಂದು ಹೇಳಿದೆ, ನೆನಪಿದೆಯೇ? "ಹೋಗ್ಲಿ ಬಿಡು, ಅದಕ್ಕಿಂತ ಒಳ್ಳೇದು ಸಿಗತ್ತೆ" ಎಂದು ನೀನು ನನಗೆ ಸಮಾಧಾನ ಹೇಳಿದೆ. ಸಮಾಧಾನ ಹೇಳಿದೆ ಅಕ್ಕಾ, ನೀನು! ಆ ಒಂದು ಮಾತಿಗೆ ನನ್ನ ಮೈ ಈಗಲೂ ಉರಿಯುತ್ತದೆ.

ನಿನ್ನ ದುರದೃಷ್ಟಕ್ಕೆ ಈ ಸುತ್ತಿನಲ್ಲಿ ಬೀಗದ ಕೆಲಸಕ್ಕೆ ಬೇರೆ ಅಂಗಡಿಯಿಲ್ಲ. ಮನೆ ಕೈ ಬದಲಾದ ಮೇಲೆ ಹಳೆಯ ಬೀಗಗಳನ್ನೆಲ್ಲ ತೆಗೆಸಿ ಹೊಸದು ಹಾಕಿಸುವುದು ರೂಢಿ. ಇವತ್ತೇಕೊನೆ ಆ ಕೆಲಸವನ್ನು ನಮಗೇ ತಂದ. ಒಡೆಯರ ಸಹಿಯಿಲ್ಲದೆ ಇವರು ಯಾವ ಮನೆಯ ಬೀಗಕ್ಕೂ ಕೈ ಹಚ್ಚುವವರಲ್ಲ. ಅಲ್ಲಿ ಹೋಗಿ ಒಪ್ಪಿಗೆಪತ್ರ ಕೇಳಿದರೆ, ಅವನು ಚೀಲದಿಂದ ತೆಗೆದುಕೊಟ್ಟ ಕಾಗದದ ಮೇಲೆ ನಿನ್ನ ಹೆಸರು, ಕೊನೆಯ ಅಕ್ಷರದ ಕೆಳಗೆ ಗೆರೆ ಎಳೆದು ಎರಡು ಚುಕ್ಕೆ ಇಟ್ಟ ನಿನ್ನ ಸಹಿ. ಇವರು, ಒಪ್ಪಿಕೊಂಡ ಕೆಲಸ ಎಂದು ಮೂರು ಗಂಟೆ ನಿಂತು ಮುಂಬಾಗಿಲು, ಹಿತ್ತಲ ಬಾಗಿಲು, ಕೊನೆಗೆ ಆ ಕೆಳಗಿನ ಕೋಣೆಯ ಬಾಗಿಲು, ಮೂರಕ್ಕೂ ಬೀಗ ಕೂರಿಸಿ ಬಂದರು. ಅಂಗಡಿಗೆ ಬಂದು ಆ ಕಾಗದವನ್ನು ನನ್ನ ಮುಂದಿಟ್ಟು ಕೈ ತೊಳೆಯಲು ಹೋದರು. ಎಷ್ಟು ಹೊತ್ತು ತೊಳೆದರೋ. ನಾನು ಬಾಗಿಲು ಎಳೆದುಕೊಂಡು ನಿನಗೆ ಫೋನು ಮಾಡಿದೆ.

ಅವತ್ತು ನೀನು ಹೇಳಿದ್ದನ್ನು ನಿನಗೇ ಬರೆದು ತೋರಿಸುತ್ತೇನೆ, ಬರವಣಿಗೆಯಲ್ಲಿ ಹೇಗೆ ಕಾಣುತ್ತದೆ ನೋಡು. "ಹೇಗೂ ನಿಮಗೆ ಸಿಗ್ತಿರಲಿಲ್ಲ. ಯಾರೋ ಹೊರಗಿನವರ ಪಾಲಾಗೋ ಬದಲು ನಮ್ಮನೆಯವರ ಕೈಲೇ ಇರ್ಲಿ ಅಂತ ತಗೊಂಡೆ." ನಮ್ಮನೆಯವರು! ಹಾಗಾದರೆ ಅದು ನಿನ್ನ ಮೂರನೆಯ ಮನೆ ಎಂಬುದನ್ನೂ, ಒಂದನೇ ತಾರೀಕಿನಿಂದ ಬಾಡಿಗೆಗೆ ಕೊಡುತ್ತೀಯ ಎಂಬುದನ್ನೂ ನನಗೆ ನಮ್ಮನೆಯವರೇ ಹೇಳಬೇಕಿತ್ತು, ಇವತ್ತೇಕೊನೆಯಲ್ಲ. ಮರುದಿನ ಅವನು ಕೀಲಿಕೈಗಳನ್ನು ಒಯ್ಯಲು ಬಂದಾಗ ನಾಚಿಕೆ ಬಿಟ್ಟು ಕೇಳಿದೆ, ಬಾಡಿಗೆ ನಾವೇ ಕೊಡುತ್ತೇವೆ, ನಮಗೇ ಕೊಡಿಸು ಎಂದು. ನಾನು ಯಾರೆಂದು ಅವನಿಗೆ ಹೇಳಿದೆ. ಅವನು ನಿನ್ನನ್ನು ಕೇಳಿ ಬಂದು ತಲೆ ಕೆರೆದುಕೊಂಡ: "ಮನೆಯೋರಿಗೆ ಕೊಟ್ರೆ ವಸೂಲಿ ಕಷ್ಟ ಅಂದ್ರು ಮೇಡಮ್ಮು." ಅವನಂಥವನಿಗೇ ನನ್ನ ಮುಖ ನೋಡಲಾಗಲಿಲ್ಲ.

ನೀನು ಬುದ್ಧಿವಂತೆ, ಮುಂದೆ ಬಂದೆ, ನನಗೆ ಅದರಿಂದ ಎಂದೂ ಹೊಟ್ಟೆಯುರಿ ಇರಲಿಲ್ಲ. ನನ್ನ ಅಕ್ಕ ವಿಮಾ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾಳೆ ಎಂದು ಕೀಲಿಕೈ ಕೊರೆಯುತ್ತಲೇ ಎಷ್ಟು ಗಿರಾಕಿಗಳಿಗೆ ಹೇಳಿಕೊಂಡಿದ್ದೇನೋ. ನೀನು ನೇರವಾಗಿ ಬಂದು ಸಾಲಿನಲ್ಲಿ ನಿಂತು ಆ ಮನೆ ಕೊಂಡಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ. ನನ್ನ ಕೈಯಿಂದಲೇ ವಿಳಾಸ ತಿಳಿದು, ನನ್ನ ಕೈಯಿಂದಲೇ ಬೆಲೆ ತಿಳಿದು, ನನ್ನ ಕೈಯಿಂದಲೇ ಅದನ್ನು ಕಡಿಮೆ ಮಾಡಿಸಿದೆ. ಇದಕ್ಕೆ ಮೋಸ ಎನ್ನುತ್ತಾರೆ. ನಾನು ನಿನ್ನನ್ನು ಕ್ಷಮಿಸಿಲ್ಲ, ಕ್ಷಮಿಸುವ ಯೋಚನೆಯೂ ಇಲ್ಲ. ಇನ್ನು ಮೇಲೆ ನನ್ನ ಲೆಕ್ಕ ನಾನೇ ಮಾಡಿಕೊಳ್ಳುತ್ತೇನೆ, ತಪ್ಪಾದರೆ ತಪ್ಪೇ ಇರಲಿ.

ಭಾವನಿಗೆ ನಮಸ್ಕಾರ ತಿಳಿಸು, ಅವರಿಗೆ ಇದರಲ್ಲಿ ಏನೂ ಗೊತ್ತಿರಲಿಕ್ಕಿಲ್ಲ. ಮಗಳು ಚೆನ್ನಾಗಿ ಓದಲಿ, ಅವಳಿಗೆ ಚಿಕ್ಕಮ್ಮನ ಮುತ್ತು. ನಿನಗೆ ಬರೆಯಲು ಏನೂ ತೋಚುತ್ತಿಲ್ಲ, ಸೊಂಟ ನೋಡಿಕೋ.

ಇಂತಿ,
ನಿನ್ನ ತಂಗಿ

ಮರೆತೆ. ಇನ್ನು ಮುಂದೆ ಅಪ್ಪನಿಗೆ ಏನಾದರೂ ಕಳಿಸುವುದಿದ್ದರೆ ಹಳೆಯ ವಿಳಾಸಕ್ಕೆ ಕಳಿಸಬೇಡ. ಇವತ್ತೇಕೊನೆ ಪ್ರತಿ ಬೀಗಕ್ಕೆ ಮೂರು ಕೀಲಿಕೈ ಕೇಳಿದ್ದ, ನಾನು ನಾಲ್ಕು ಕೊರೆದೆ. ಇವರಿಗೆ ಹೇಳಿದ್ದು ಬುಧವಾರ. ಹಾಕಿಕೊಟ್ಟ ಬೀಗದ ಕೀಲಿಕೈ ಇಟ್ಟುಕೊಂಡವನು ಕಳ್ಳ ಎಂದು ಇಪ್ಪತ್ತು ವರ್ಷ ಹೇಳಿಕೊಂಡು ಬಂದವರು, ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಆದರೆ ನಿನ್ನೆ ಬೆಳಿಗ್ಗೆ ಅಪ್ಪನ ಕುರ್ಚಿ ಹೊರಲು ತಾವೇ ಹೋಗಿ ಬಡಗಿಯನ್ನು ಕರೆತಂದರು. ಅಪ್ಪ ಈಗ ಆ ಕೆಳಗಿನ ಕೋಣೆಯಲ್ಲಿದ್ದಾರೆ, ನಾವಿಬ್ಬರು ಮೇಲೆ. ನೀನು ಕೇಳಿದ ಬಾಡಿಗೆ ತಿಂಗಳು ತಿಂಗಳು ತಪ್ಪದೆ ನಿನಗೆ ಬರುತ್ತದೆ. ನಡೆದದ್ದನ್ನು ಅಪ್ಪನಿಗೆ ಹೇಳಿಲ್ಲ, ನಿಮ್ಮ ದೊಡ್ಡ ಮಗಳು ನಿಮಗೋಸ್ಕರ ಮನೆ ಕೊಂಡಿದ್ದಾಳೆ ಎಂದಿದ್ದೇನೆ. ಇವತ್ತು ಬೆಳಿಗ್ಗೆ ಗೋಡೆ ಹಿಡಿದುಕೊಂಡು ತಾವೇ ರಸ್ತೆಯವರೆಗೆ ಹೋದರು. ನಾನು ಇಲ್ಲಿಗೆ ಹೊರಟಾಗ ಹಾಲಿನವನನ್ನು ನಿಲ್ಲಿಸಿಕೊಂಡು "ನನ್ನ ದೊಡ್ಡ ಮಗಳು ಕೊಡ್ಸಿದ್ದು" ಎಂದು ಹೇಳುತ್ತಿದ್ದರು. ಒಂದನೇ ತಾರೀಕಿನೊಳಗೆ ನೀನೇ ಬಾ. ಬ್ರೋಕರನ್ನು ಕಳಿಸಬೇಡ, ಬಾಗಿಲು ತೆಗೆಯುವುದಿಲ್ಲ. ಬಂದು ಅಪ್ಪನ ಎದುರು ನಿಂತು, ಇದು ನಿಮಗಲ್ಲ, ಏಳಿ ಎಂದು ನಿನ್ನ ಬಾಯಲ್ಲೇ ಹೇಳು. ಹೇಳಿದ ಕ್ಷಣ ನಾವು ಕುರ್ಚಿ ಎತ್ತುತ್ತೇವೆ.