ಹತ್ತಿಯ ಕಡ್ಡಿ

ಅಣ್ಣಾ,

ಇವತ್ತು ಬೆಳಿಗ್ಗೆ ವಾಯುಪಡೆಯ ಅಧಿಕಾರಿಯೊಬ್ಬರು ಮನೆಗೆ ಬಂದಿದ್ದರು. ಹಿಮದ ಬೆಟ್ಟದಲ್ಲಿ ಒಂದು ಯುದ್ಧವಿಮಾನದ ಚೂರುಗಳು ಸಿಕ್ಕಿವೆಯಂತೆ, ಜೊತೆಗೆ ನಾಲ್ಕಾರು ಮೂಳೆಗಳು. ಮೂವತ್ತೊಂದು ವರ್ಷದ ಹಿಂದೆ ವಿಮಾನದೊಂದಿಗೆ ಕಾಣೆಯಾದ ನಿನ್ನವೇ ಹೌದೋ ಅಲ್ಲವೋ ಎಂದು ತಿಳಿಯಲು ಒಡಹುಟ್ಟಿದವರ ಎಂಜಲು ಬೇಕಂತೆ. ಎಂಜಲು ಎಂದ ಕೂಡಲೇ, ಪೆಪ್ಪರಮಿಂಟನ್ನು ಅಂಗಿಯ ಅಂಚಿನಲ್ಲಿ ಸುತ್ತಿ ಕಡಿದು, ಕಾಗೆ ಎಂಜಲು ಮಾಡಿ ನೀನು ನನಗೆ ಕೊಡುತ್ತಿದ್ದ ದೊಡ್ಡ ಚೂರು ನೆನಪಾಯಿತು.

"ನೀವು ಸ್ವಂತ ತಂಗಿ ತಾನೇ?" ಎಂದು ಹತ್ತಿಯ ಕಡ್ಡಿ ಹಿಡಿದು ಕೇಳಿದರು.

"ಮತ್ತೇನು, ದಾರೀಲಿ ಸಿಕ್ಕಿದವಳಾ?" ಎಂದು ಗದರಿಬಿಟ್ಟೆ.

ಅಮ್ಮ ತೀರಿಹೋಗುವ ಮುಂಚಿನ ವಾರ ಹೇಳಿದ್ದಳು. ಆಸ್ಪತ್ರೆಯಲ್ಲಿ ಯಾರೋ ಬಿಟ್ಟುಹೋದ ಕೂಸನ್ನು, ಅಂದರೆ ನನ್ನನ್ನು, ಮನೆಗೆ ತಂದಾಗ ನಿನಗೆ ಏಳು ವರ್ಷವಂತೆ. "ಅವನಿಗೆಲ್ಲಾ ಗೊತ್ತಿತ್ತು ಕಣೇ. ನಿನ್ನ ಜೊತೆ ಜಗಳ ಆಡುವಾಗ್ಲೂ ಒಂದಿನಾನೂ ಬಾಯಿ ಬಿಡಲಿಲ್ಲ."

ಕಡ್ಡಿಯನ್ನು ನನ್ನ ಕೆನ್ನೆಯೊಳಗೆ ಆಡಿಸಿ, ಕೊಳವೆಗೆ ಹಾಕಿ, ಮೇಲೆ ನಿನ್ನ ಹೆಸರು ಬರೆದುಕೊಂಡು ಹೋದರು. ಅದು ನಿನಗೆ ಹೊಂದುವುದಿಲ್ಲ. ಆ ಮೂಳೆಗಳು ನಿನ್ನವಲ್ಲ ಎಂದು ಕಾಗದ ಬರುತ್ತದೆ. ನೀನು ಯಾವುದೋ ಕಪಾಟಿನಲ್ಲಿ ಒಂದು ನಂಬರಾಗಿ ಉಳಿಯುತ್ತೀಯ. ನಾನು ನಿಜ ಹೇಳಿಬಿಟ್ಟರೆ ದೊಡ್ಡಮ್ಮನ ಮಗನನ್ನು ಹುಡುಕಿಕೊಂಡು ಹೋಗುತ್ತಾರೆ. ಅವನಾದರೂ ನಿನ್ನ ರಕ್ತ. ನೀನು ಮನೆಗೆ ಬರುತ್ತೀಯ.

ಸಂಜೆ ಮನಸ್ಸು ಗಟ್ಟಿ ಮಾಡಿಕೊಂಡು ಆ ಅಧಿಕಾರಿಗೆ ಫೋನ್ ಮಾಡಿದೆ.

"ಯಾರು ಮಾತಾಡ್ತಿರೋದು?" ಅಂದರು.

"ಪೈಲಟ್ ತಂಗಿ" ಅಂದೆ.

ಅಷ್ಟೇ ಹೇಳಿ ಫೋನ್ ಇಟ್ಟುಬಿಟ್ಟೆ.