ಕುರ್ಚಿ ಹೊತ್ತವನ ಬಿನ್ನಹ

ಅಡುಗೆಮನೆ ಕಟ್ಟೆ,
ಶುಕ್ರವಾರ ಸಂಜೆ, ತಾರೀಖು ಹದಿನಾಲ್ಕು

ಪೂಜ್ಯ ಅಪ್ಪನವರ ಘನ ಸನ್ನಿಧಿಗೆ, ತಮ್ಮ ಕೀಟಲೆ ಕುಲತಿಲಕನ ನಮಸ್ಕಾರಗಳು.

ಸೊಂಟನೋವು ಹೇಗಿದೆ? ಸೇತುವೆ ಎದ್ದು ನಿಂತಿತೇ, ಇಲ್ಲ ಅದೂ ನಿಮ್ಮ ಹಾಗೇ “ಇನ್ನೊಂದು ತಿಂಗಳು” ಅನ್ನುತ್ತಿದೆಯೇ? ಇಲ್ಲಿ ಅಜ್ಜಿ ಗಟ್ಟಿ, ಅಜ್ಜಿಯ ಬೈಗುಳ ಇನ್ನೂ ಗಟ್ಟಿ. ತಂಗಿ ಪುಟ್ಟಿ ಊರುಗೋಲಿಗೆ ಬಣ್ಣದ ದಾರ ಸುತ್ತಿಕೊಂಡಿದ್ದಾಳೆ, ಅದರಲ್ಲೇ ನನಗೆ ಬಾರಿಸುತ್ತಾಳೆ.

ಈಗ ಸಮಾಚಾರ. ಇವತ್ತು ಬೆಳಿಗ್ಗೆ ಶಾಲೆಯ ಗಂಟೆಯ ನಾಲಿಗೆಗೆ ನಾನು ಕಾಲುಚೀಲ ತೊಡಿಸಿದೆ. ಆ ಮಹಾಪರಾಧಕ್ಕೆ ಹೆಡ್‌ಮಾಸ್ಟರ ಕೋಣೆಯ ಹೊರಗೆ ನಿಲ್ಲಿಸಿದರು. ಹೊಸ ಗುಮಾಸ್ತರು ಬಂದು, “ಏಯ್, ಸಾಹೇಬರ ಎದುರಿನ ಕುರ್ಚಿ ಎತ್ತಿ ಹೊರಗಿಡೋ. ಅರ್ಜಿಯಮ್ಮ ಬರ್ತಿದೆ. ಕೂತ್ರೆ ಏಳಲ್ಲ, ಪ್ರತಿ ಸಲ ಹೀಗೇ ತೆಗೆಸ್ತಾರೆ” ಅಂದರು. ನಾನು ಯಾರ ಮಗನೆಂದು ಅವರಿಗೆ ಗೊತ್ತಿಲ್ಲ. ಹೆಡ್‌ಮಾಸ್ಟರು ತಲೆಯೆತ್ತಲಿಲ್ಲ. ನನಗೋ, ಶಾಲೆಯೇ ಕೀಟಲೆಗೆ ಇಳಿದ ಸಂಭ್ರಮ! ಕುರ್ಚಿ ಹೊತ್ತು ತಂದು, ಅರ್ಜಿಯಮ್ಮನ ಫಜೀತಿ ನೋಡಲು ಬಾಗಿಲ ಮರೆಯಲ್ಲಿ ನಿಂತೆ.

ಬಂದವಳು ಅಮ್ಮ.

ಪುಟ್ಟಿಯನ್ನು ಹೊತ್ತು ಎರಡು ಮಹಡಿ ಹತ್ತಿ, ತರಗತಿಯಲ್ಲಿ ಬಿಟ್ಟು ಇಳಿದು ಬಂದಿದ್ದಳು. ಇನ್ನೂ ಏದುಸಿರು. “ಅವಳ ಕ್ಲಾಸ್ ಕೆಳಗೆ ಹಾಕ್ಕೊಡಿ ಸಾರ್” ಅಂದಳು. “ಒಬ್ಬಳಿಗೋಸ್ಕರ ನಲವತ್ತು ಮಕ್ಕಳನ್ನ ಇಳಿಸ್ಲಾ? ನೀವೂ ಸ್ವಲ್ಪ ಅರ್ಥ ಮಾಡ್ಕೋಬೇಕಮ್ಮ. ಸೋಮವಾರ ಬನ್ನಿ, ನೋಡೋಣ” ಅಂದರು ಹೆಡ್‌ಮಾಸ್ಟರು. ನಿಂತೇ ಕೇಳಿದಳು, ನಿಂತೇ ತಲೆಯಾಡಿಸಿದಳು. ಅಪ್ಪಾ, ನನ್ನ ಕಪ್ಪೆ ಪ್ರಕರಣಕ್ಕೆ ನಿಮ್ಮನ್ನು ಕರೆಸಿದಾಗ ಇದೇ ಕುರ್ಚಿ ಎಳೆದು, “ಕೂತ್ಕೊಳ್ಳಿ ಸಾರ್, ಹುಡುಗ ಚುರುಕು” ಅಂದಿರಲಿಲ್ಲವೇ? ಕಪ್ಪೆ ಬಿಟ್ಟವನ ಅಪ್ಪನಿಗೆ ಕುರ್ಚಿ; ಪುಟ್ಟಿಯ ಅಮ್ಮನಿಗೆ ಇಲ್ಲ!

ಕುರ್ಚಿ ನನ್ನ ಕೈಯಲ್ಲೇ ಇತ್ತು. ಮೂರು ಹೆಜ್ಜೆ ಒಳಗಿಟ್ಟಿದ್ದರೆ ಸಾಕಿತ್ತು. ಇಷ್ಟೆಲ್ಲ ತರಲೆ ಮಾಡುವ ನನ್ನ ಕಾಲು ಏಳಲೇ ಇಲ್ಲ.

ಹೊರಬಂದವಳು ನನ್ನನ್ನೂ ಕುರ್ಚಿಯನ್ನೂ ನೋಡಿದಳು. “ಗುಂಡಿ ಹಾಕ್ಕೋ” ಅಂದಳು, ಅಷ್ಟೇ. ಮನೆಗೆ ಬಂದ ಮೇಲೆ ನನ್ನೆದುರೇ ಅಜ್ಜಿಗೆ ಹೇಳಿದಳು: “ಕೂರಿಸಿ ಚೆನ್ನಾಗಿ ಮಾತಾಡಿಸಿದ್ರು.” ನಿಮಗೂ ಪ್ರತಿ ಕಾಗದದಲ್ಲಿ ಇದನ್ನೇ ಅಲ್ಲವೇ ಬರೆಯುವುದು?

ಅಜ್ಜಿ ನಿಮಗೆ ಆಶೀರ್ವಾದ ಹೇಳಿದ್ದಾಳೆ, ಪುಟ್ಟಿ ಒಂದು ಗುದ್ದು.

ಇಂತಿ ತಮ್ಮ ವಿಧೇಯ (ಇವತ್ತು ನಿಜವಾಗಿಯೂ)
ತರಲೆ

ತಾ.ಕ.: ಸೋಮವಾರ ಅಮ್ಮನ ಹಿಂದೆಯೇ ಆ ಕುರ್ಚಿ ಹೊತ್ತು ನಾನೂ ಒಳಗೆ ಹೋಗುತ್ತೇನೆ. ಆಮೇಲೆ ಶಾಲೆಯಿಂದ ನಿಮಗೆ ದೂರು ಬರುತ್ತದೆ. ಇದೊಂದು ಸಲ ಬೈಯಬೇಡಿ, ಬಂದುಬಿಡಿ. ಬಂದಾಗ ಅವರು ಕೂರಲು ಹೇಳಿದರೆ, ನೀವು ಕೂರಬೇಡಿ.